ಎಲುಬು ಮುರಿದಾಗ ಕೊಲೆಸ್ಟರಾಲ್ ಮಾತ್ರೆ: ಬಿಡುವುದೇ, ಹಿಡಿಯುವುದೇ?

ಆಟಿಯ ಮಳೆಯಲ್ಲಿ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆ ಎಲುಬು ಮುರಿಯುವುದಕ್ಕೆ ದೊಡ್ಡ ಕಾರಣ ಬೇಕಾಗಿಲ್ಲ. ಮುರಕಲ್ಲಿನ ಮೆಟ್ಟಿಲಿಗೆ ಹಾವಸೆ ಕಟ್ಟಿರುತ್ತದೆ, ತೋಟದ ತೋಡಿಗೆ ಹಾಕಿದ ಅಡಕೆ ಮರದ ಸಂಕ ಜಾರುತ್ತದೆ, ಅಡಕೆಗೆ ಬೋರ್ಡೋ ಮದ್ದು ಬಿಡಲು ಮರ ಹತ್ತಿದವರ ಕಾಲು ತಪ್ಪುತ್ತದೆ. ಬೀಳುವಾಗ ಅಂಗೈ ಊರಿದವರಿಗೆ ಮಣಿಕಟ್ಟು ಹೋಗುತ್ತದೆ, ಅಜ್ಜಿಯಂದಿರಿಗೆ ಸೊಂಟ, ಮರದಿಂದ ನೇರ ಕೆಳಗೆ ಬಂದವರಿಗೆ ಹಿಮ್ಮಡಿ ಮತ್ತು ಬೆನ್ನುಮೂಳೆ. ಐವತ್ತು ದಾಟಿದವರಾದರೆ ಮನೆಯ ಡಬ್ಬಿಯಲ್ಲಿ ಬಿಪಿ, ಶುಗರಿನ ಜೊತೆ ಕೊಲೆಸ್ಟರಾಲ್ ಮಾತ್ರೆಯೂ ಇರುವುದು ಸಾಮಾನ್ಯ. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ಅದನ್ನೇನು ಮಾಡುವುದು ಎಂಬ ಪ್ರಶ್ನೆ ಏಳುತ್ತದೆ. ಆ ಮಾತ್ರೆ ಎಲುಬನ್ನೂ ಬೆಳೆಸುತ್ತದಂತೆ ಎಂದು ಎಲ್ಲೋ ಓದಿ, ಮೆಡಿಕಲ್‌ಗೆ ಹೋಗಿ ಕೇಳುವವರೂ ಇದ್ದಾರೆ.

ಉತ್ತರ ಮೊದಲೇ ಹೇಳಿಬಿಡುತ್ತೇವೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಮುರಿತದ ನೆಪದಲ್ಲಿ ಒಂದು ದಿನವೂ ತಾವಾಗಿ ಬಿಡಬೇಡಿ. ತೆಗೆದುಕೊಳ್ಳುತ್ತಿಲ್ಲವಾದರೆ ಎಲುಬು ಬೇಗ ಕೂಡಲಿ ಎಂಬ ಒಂದೇ ಆಸೆಗೆ ಶುರು ಮಾಡಬೇಡಿ. ಹೃದಯದ ಕಾರಣಕ್ಕೆ ಬೇಕಾಗಿದ್ದೂ ಇಷ್ಟು ದಿನ ಮುಂದೂಡಿದವರಾದರೆ, ಆಸ್ಪತ್ರೆಗೆ ಹೇಗೂ ಬಂದಿದ್ದೀರಿ, ಈಗಲೇ ಕೇಳಿ ಶುರು ಮಾಡಿಸಿಕೊಳ್ಳಿ.

ಎಲುಬಿನ ಆಸೆ ಎಲ್ಲಿಂದ ಬಂತು

ಕೊಲೆಸ್ಟರಾಲ್ ಮಾತ್ರೆ ಎಂದು ನಾವು ಕರೆಯುವುದು ಹೆಚ್ಚಾಗಿ ಸ್ಟಾಟಿನ್ ಗುಂಪಿನ ಔಷಧಿಯನ್ನು: ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್, ಸಿಮ್ವಾಸ್ಟಾಟಿನ್. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಈ ಜಾತಿಯ ಮೊದಲ ವಸ್ತುವನ್ನು ಬೇರ್ಪಡಿಸಿದರು. ಅಮೆರಿಕದಲ್ಲಿ ಲೊವಾಸ್ಟಾಟಿನ್ 1987ರಲ್ಲಿ ಮಾರುಕಟ್ಟೆಗೆ ಬಂತು. ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಾಗುವ ಸರಪಳಿಯ ಆರಂಭದ ಒಂದು ಕೊಂಡಿಯನ್ನು ಇವು ಹಿಡಿದು ನಿಲ್ಲಿಸುತ್ತವೆ.

ಅದೇ ಸರಪಳಿಯ ಒಂದು ಕವಲು ಎಲುಬಿನ ಕೋಶಗಳಲ್ಲೂ ಕೆಲಸ ಮಾಡುತ್ತದೆ. 1999ರಲ್ಲಿ ಟೆಕ್ಸಾಸಿನ ಗ್ರೆಗರಿ ಮಂಡಿ ಮತ್ತು ಸಂಗಡಿಗರು ಮೂವತ್ತು ಸಾವಿರಕ್ಕೂ ಹೆಚ್ಚು ನೈಸರ್ಗಿಕ ವಸ್ತುಗಳನ್ನು ಜಾಲಾಡಿ, ಎಲುಬು ಕಟ್ಟಲು ಸೂಚನೆ ಕೊಡುವ ಬಿಎಂಪಿ-2 ಎಂಬ ಪ್ರೋಟೀನನ್ನು ಹೆಚ್ಚಿಸುವುದು ಯಾವುದು ಎಂದು ಹುಡುಕಿದರು. ಸಿಕ್ಕಿದ್ದು ಲೊವಾಸ್ಟಾಟಿನ್. ಇಲಿಗಳಲ್ಲಿ ಹೊಸ ಎಲುಬು ಬೆಳೆಯಿತು. ಸವೆದ ಎಲುಬಿಗೆ ವಾರಕ್ಕೊಂದು ಕೊಡುವ ಅಲೆಂಡ್ರೊನೇಟ್ ಕೂಡ ಇದೇ ಸರಪಳಿಯ ಇನ್ನೂ ಕೆಳಗಿನ ಕೊಂಡಿಯನ್ನು ಹಿಡಿಯುವ ಔಷಧಿ, ಹಾಗಾಗಿ ಇದು ಬರೀ ಗಾಳಿಮಾತಲ್ಲ.

ಎಡವಟ್ಟು ಇರುವುದು ಲೆಕ್ಕದಲ್ಲಿ. 2002ರಲ್ಲಿ ಸ್ವೀಡನ್ನಿನ ಸಂಶೋಧಕರು ತೊಡೆಮೂಳೆ ಮುರಿದ ಸಣ್ಣ ಇಲಿಗಳಿಗೆ ಸಿಮ್ವಾಸ್ಟಾಟಿನ್ ತಿನ್ನಿಸಿದಾಗ ಮುರಿತ ಗಟ್ಟಿಯಾಗಿಯೇ ಕೂಡಿತು. ಕೊಟ್ಟ ಪ್ರಮಾಣ ದಿನಕ್ಕೆ ಕಿಲೋ ತೂಕಕ್ಕೆ 120 ಮಿ.ಗ್ರಾಂ. 60 ಕಿಲೋ ಮನುಷ್ಯನಿಗೆ ಅದನ್ನೇ ಗುಣಿಸಿದರೆ 7,200 ಮಿ.ಗ್ರಾಂ, ಅಂದರೆ 40ರ ಮಾತ್ರೆ ದಿನಕ್ಕೆ 180. ಇಲಿಯ ಮೈಯಲ್ಲಿ ಎಲ್ಲವೂ ಬೇಗ ಕರಗುತ್ತದೆ, ಅದನ್ನು ಮನುಷ್ಯನ ಪ್ರಮಾಣಕ್ಕೆ ಇಳಿಸುವಾಗ ಸುಮಾರು 12ರಿಂದ ಭಾಗಿಸುವುದು ವಾಡಿಕೆ. ಭಾಗಿಸಿದರೂ ಸುಮಾರು 600 ಮಿ.ಗ್ರಾಂ ಉಳಿಯುತ್ತದೆ, 40ರ ಮಾತ್ರೆ ದಿನಕ್ಕೆ ಹದಿನೈದು. ಮನುಷ್ಯರಿಗೆ 80 ಮಿ.ಗ್ರಾಂ ಕೊಟ್ಟಾಗಲೇ ಸ್ನಾಯು ಹಾಳಾಗುವ ಅಪಾಯ ಹೆಚ್ಚೆಂದು ಅಮೆರಿಕದ ಔಷಧ ನಿಯಂತ್ರಕರು 2011ರಲ್ಲಿ ಆ ಪ್ರಮಾಣಕ್ಕೆ ಕಡಿವಾಣ ಹಾಕಿದರು. ಹದಿನೈದು ಮಾತ್ರೆಯ ಮಾತೇ ಇಲ್ಲ.

ಇನ್ನೊಂದು ಅಡ್ಡಿ ಯಕೃತ್ತೇ. ನುಂಗಿದ ಸಿಮ್ವಾಸ್ಟಾಟಿನ್ ಕರುಳಿನಿಂದ ನೇರ ಅಲ್ಲಿಗೆ ಹೋಗುತ್ತದೆ, ಅಲ್ಲೇ ಹೆಚ್ಚಿನದು ಖರ್ಚಾಗುತ್ತದೆ. ಉಳಿದ ಮೈಯ ರಕ್ತಕ್ಕೆ ಸೇರುವುದು ನೂರಕ್ಕೆ ಐದು ಪಾಲಿಗಿಂತ ಕಡಿಮೆ. ಕೊಲೆಸ್ಟರಾಲ್ ಇಳಿಸಲು ಇದು ಬಹಳ ಅನುಕೂಲ, ಕೆಲಸ ಇರುವುದೇ ಯಕೃತ್ತಿನಲ್ಲಿ. ಕಣಕಾಲಿನ ಮುರಿತಕ್ಕೆ ಮಾತ್ರ ಚೂರುಪಾರು ಮುಟ್ಟುತ್ತದೆ.

ಮನುಷ್ಯರಲ್ಲಿ ನೋಡಿದ್ದೂ ಇದಕ್ಕೆ ಸರಿಹೊಂದುತ್ತದೆ. ಮಣಿಕಟ್ಟು ಮುರಿದವರಿಗೆ ದಿನಾ 20 ಮಿ.ಗ್ರಾಂ ಸಿಮ್ವಾಸ್ಟಾಟಿನ್ ಅಥವಾ ಖಾಲಿ ಮಾತ್ರೆ ಕೊಟ್ಟು ಹೋಲಿಸಿದ, 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕೂಡುವ ಅವಧಿ ಎರಡೂ ಗುಂಪಿನಲ್ಲಿ ಒಂದೇ ಇತ್ತು. ಜುಪಿಟರ್ ಎಂಬ ದೊಡ್ಡ ಪರೀಕ್ಷೆಯಲ್ಲಿ 17,802 ಜನರಲ್ಲಿ ಅರ್ಧದಷ್ಟು ಮಂದಿ 20 ಮಿ.ಗ್ರಾಂ ರೊಸುವಾಸ್ಟಾಟಿನ್ ತೆಗೆದುಕೊಂಡರು. 2015ರ ವಿಶ್ಲೇಷಣೆ ಪ್ರಕಾರ ಅವರಿಗೆ ಎಲುಬು ಮುರಿಯುವುದೇನೂ ಕಡಿಮೆಯಾಗಲಿಲ್ಲ.

ಮದ್ದನ್ನು ಎಲುಬಿನ ಪಕ್ಕದಲ್ಲೇ ಇಟ್ಟರೆ? ಕೆಲಸ ನಡೆಯುತ್ತಿರುವುದು ಆ ದಾರಿಯಲ್ಲೇ. ಬೆಂಗಳೂರಿನ ಸರಕಾರಿ ದಂತ ವೈದ್ಯಕೀಯ ಕಾಲೇಜಿನವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸಡಿನ ರೋಗದಿಂದ ಹಲ್ಲಿನ ಬುಡದಲ್ಲಿ ಎಲುಬು ಕರಗಿದ ಜಾಗಕ್ಕೆ 1.2 ಮಿ.ಗ್ರಾಂ ಸಿಮ್ವಾಸ್ಟಾಟಿನ್ ಇರುವ ಜೆಲ್ ತುಂಬಿದಾಗ ಗುಂಡಿ ಸ್ವಲ್ಪ ಮಟ್ಟಿಗೆ ಭರ್ತಿಯಾಯಿತು. ಅದು ದಂತವೈದ್ಯರು ಅಳೆದು ತಯಾರಿಸಿದ ಜೆಲ್. ಮನೆಯ ಮಾತ್ರೆಯನ್ನು ಅರೆದು ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಚರ್ಮದ ಕೆಳಗೆ ಇಳಿಯುವುದಿಲ್ಲ. ಗಾಯ ತೆರೆದಿದ್ದರೆ ಮಾತ್ರೆಯ ಪಿಷ್ಟ, ಬಣ್ಣ ಎಲ್ಲ ಒಳಗೆ ಹೋಗಿ ಕೀವಾಗುತ್ತದೆ, ಕೀವಾದ ಮುರಿತ ಕೂಡುವುದು ಬಲು ಕಷ್ಟ.

ಮೊದಲೇ ತೆಗೆದುಕೊಳ್ಳುತ್ತಿರುವವರು

ಆಸ್ಪತ್ರೆಗೆ ಹೊರಡುವಾಗ ಮಾತ್ರೆಯ ಹೆಸರು ಬಾಯಿಪಾಠ ಹೇಳಲು ಹೋಗಬೇಡಿ. ಸ್ಟ್ರಿಪ್ಪನ್ನೇ ಚೀಲದಲ್ಲಿ ಹಾಕಿಕೊಳ್ಳಿ, ಕತ್ತರಿಸಿದ ತುಂಡಾದರೆ ಹೆಸರು ಮತ್ತು ಮಿ.ಗ್ರಾಂ ಇರುವ ಭಾಗ ಉಳಿದಿದೆಯೇ ನೋಡಿ. ಕಾಸರಗೋಡಿನ ಕಡೆ ಆಗುವ ಒಂದು ತಪ್ಪು ಇಲ್ಲೇ ಇದೆ. ಊರಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಮಾತ್ರೆಯ ಮೇಲೆ 'ಅಟೊರ್ವಾಸ್ಟಾಟಿನ್' ಎಂದು ಮೂಲ ಹೆಸರಷ್ಟೇ ಇರುತ್ತದೆ. ತಲಪಾಡಿ ದಾಟಿ ಮಂಗಳೂರಿನಲ್ಲಿ ಆಪರೇಶನ್ ಮಾಡಿಸಿಕೊಂಡು ಬರುವಾಗ ಚೀಟಿಯಲ್ಲಿ ಅದೇ ಔಷಧಿ ಕಂಪೆನಿಯ ಹೆಸರಿನಲ್ಲಿರುತ್ತದೆ. ಮಾತ್ರೆಯ ಆಕಾರ ಬೇರೆ, ಬಣ್ಣ ಬೇರೆ. ಮನೆಯವರು ಎರಡನ್ನೂ ಕೊಡುತ್ತಾರೆ. 20 ಬೇಕಾದಲ್ಲಿ 40 ಆಗುತ್ತದೆ, ಹತ್ತು ಹದಿನೈದು ದಿನ ಕಳೆದ ಮೇಲೆ ಎರಡೂ ತೊಡೆ ನೋವು ಎಂದು ಕೂರುತ್ತಾರೆ. ಬಿಡುಗಡೆಯ ದಿನವೇ ಹಳೆಯ ಸ್ಟ್ರಿಪ್ಪುಗಳನ್ನು ಹೊಸ ಚೀಟಿಯ ಪಕ್ಕದಲ್ಲಿಟ್ಟು ನರ್ಸಮ್ಮನಿಗೋ ಔಷಧಿ ಕೊಡುವವರಿಗೋ ತೋರಿಸಿ: 'ಸ್ಟಾಟಿನ್' ಎಂದು ಕೊನೆಯಾಗುವ ಹೆಸರು ಒಂದೇ ಇರಬೇಕು.

ಇನ್ನೊಂದು ಗೊಂದಲ ಜೋಡಿ ಮಾತ್ರೆಯದ್ದು. ಅಟೊರ್ವಾಸ್ಟಾಟಿನ್ ಜೊತೆ ಆಸ್ಪಿರಿನ್ 75 ಮಿ.ಗ್ರಾಂ, ಕೆಲವೊಮ್ಮೆ ಕ್ಲೊಪಿಡೊಗ್ರೆಲ್ ಕೂಡ ಸೇರಿಸಿದ ಕ್ಯಾಪ್ಸೂಲುಗಳು ನಮ್ಮಲ್ಲಿ ಹೇರಳ. ಮನೆಯಲ್ಲಿ ಅದಕ್ಕೂ 'ಕೊಲೆಸ್ಟರಾಲ್‌ದು' ಎಂದೇ ಹೆಸರು. ಆಪರೇಶನ್ನಿಗೆ ಮುಂಚೆ 'ರಕ್ತ ತೆಳು ಮಾಡುವ ಮಾತ್ರೆ ಇದೆಯಾ' ಎಂದು ಕೇಳಿದರೆ 'ಇಲ್ಲ, ಕೊಲೆಸ್ಟರಾಲ್‌ದು ಮಾತ್ರ' ಎಂದುಬಿಡುತ್ತಾರೆ. ಕ್ಲೊಪಿಡೊಗ್ರೆಲ್ ಇದ್ದರೆ ಬೆನ್ನಿಗೆ ಅರಿವಳಿಕೆ ಕೊಡುವ ತೀರ್ಮಾನವೇ ಬದಲಾಗಬಹುದು. ಕ್ಯಾಪ್ಸೂಲಿನ ಹಿಂಭಾಗದ ಸಣ್ಣಕ್ಷರ ಓದಿಸಿ. ರಕ್ತ ತೆಳು ಮಾಡುವುದನ್ನು ನಿಲ್ಲಿಸಬೇಕೆಂದು ವೈದ್ಯರು ಹೇಳಿದರೆ, 'ಸ್ಟಾಟಿನ್ ಮಾತ್ರ ಬೇರೆಯಾಗಿ ಬರೆದುಕೊಡಿ' ಎಂದು ಕೇಳಿ. ಇಲ್ಲವಾದರೆ ಎರಡೂ ಒಟ್ಟಿಗೆ ನಿಂತು ಹೋಗುತ್ತವೆ.

ಆಪರೇಶನ್ನಿನ ಹಿಂದಿನ ರಾತ್ರಿಯ ಮಾತ್ರೆ ತಪ್ಪಿಸಬಾರದು, ಆ ದಿನದ್ದನ್ನೂ ಅರಿವಳಿಕೆಯವರು ಒಪ್ಪಿದ ಹಾಗೆ ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಬಹುದು. ಆಪರೇಶನ್ ಹೃದಯಕ್ಕೆ ಹೊರೆ, ಅದರ ಮಧ್ಯೆ ಸ್ಟಾಟಿನ್ ಏಕಾಏಕಿ ನಿಲ್ಲಿಸುವುದು ಒಳ್ಳೆಯದಲ್ಲ ಎಂದೇ ಹೃದಯ ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. ಸೊಂಟ ಮುರಿದ ಅಜ್ಜಿಗೆ ಇದು ಎಲ್ಲಕ್ಕಿಂತ ಹೆಚ್ಚು ಅನ್ವಯ: ಅಂಥವರಿಗೆ ಎಲುಬಿಗಿಂತ ಹೃದಯ, ಶ್ವಾಸಕೋಶಗಳ ಚಿಂತೆಯೇ ದೊಡ್ಡದು. ಸಿಮ್ವಾಸ್ಟಾಟಿನ್ ರಾತ್ರಿಯೇ ಆಗಬೇಕು. ಅಟೊರ್ವಾ, ರೊಸುವಾ ಎರಡನ್ನೂ ಯಾವ ಹೊತ್ತಿಗಾದರೂ ಸರಿ, ದಿನಾ ಒಂದೇ ಹೊತ್ತಿಗೆ.

ಜೊತೆಗೆ ಬರಬಾರದವು

ಮುರಿತಕ್ಕೆ ಮಾಮೂಲಾಗಿ ಕೊಡುವ ಪಾರಾಸಿಟಮಾಲ್, ಸೆಫಲೊಸ್ಪೊರಿನ್ ಆಂಟಿಬಯೋಟಿಕ್, ಕ್ಯಾಲ್ಸಿಯಂ, ಇವುಗಳಿಂದ ತಾಪತ್ರಯವಿಲ್ಲ. ಅಪಾಯ ಪಕ್ಕದ ಬಾಗಿಲಿನಿಂದ ಬರುತ್ತದೆ. ಮಳೆಗಾಲದಲ್ಲಿ ತೊಡೆಸಂದಿಯ ಹುಳುಕಡ್ಡಿಗೆ ಚರ್ಮದ ವೈದ್ಯರು ಇಟ್ರಾಕೊನಜೋಲ್ ಕ್ಯಾಪ್ಸೂಲ್ ಬರೆದಿರುತ್ತಾರೆ; ಅದು ಸಿಮ್ವಾಸ್ಟಾಟಿನ್ ಜೊತೆ ಸೇರಲೇಕೂಡದು, ಅಟೊರ್ವಾ ಆದರೆ 20 ಮಿ.ಗ್ರಾಂ ಮೀರಬಾರದು. ಕೆಮ್ಮಿಗೆ ಕೊಡುವ ಕ್ಲಾರಿತ್ರೊಮೈಸಿನ್‌ಗೂ ಇದೇ ನಿಯಮ. ಇವು ಸ್ಟಾಟಿನ್ನನ್ನು ಕರಗಿಸುವ ಕಿಣ್ವವನ್ನು ಕಟ್ಟಿಹಾಕುತ್ತವೆ, ರಕ್ತದಲ್ಲಿ ಅದರ ಮಟ್ಟ ಹಲವು ಪಟ್ಟು ಏರುತ್ತದೆ. ಬಿಪಿಗೆ ಆಮ್ಲೊಡಿಪಿನ್ ಇರುವವರಿಗೆ ಸಿಮ್ವಾಸ್ಟಾಟಿನ್ 20ಕ್ಕೆ ಮಿತಿ. ಹಿತ್ತಲ ಚಕ್ಕೋತ ಹಣ್ಣಿಗೂ ಸ್ವಲ್ಪ ಇದೇ ಗುಣವಿದೆ. ಅಪರೂಪಕ್ಕೆ ನಾಲ್ಕು ತೊಳೆ ತಿಂದರೆ ಆಕಾಶ ಬೀಳುವುದಿಲ್ಲ, ಸಿಮ್ವಾ ಅಥವಾ ಅಟೊರ್ವಾ ಇರುವವರು ರೋಗಿಗೆ ಒಳ್ಳೆಯದೆಂದು ದಿನಾ ಒಂದೊಂದು ಹಣ್ಣು ಮುಗಿಸುವುದು ಬೇಡ.

ನೋವಿನ ಮಾತ್ರೆಯಿಂದ ಹೊಟ್ಟೆ ಉರಿದು ಬಿಳಿ ಆ್ಯಂಟಾಸಿಡ್ ದ್ರಾವಣ ಕುಡಿಯುವವರು ಬಹಳ. ರೊಸುವಾಸ್ಟಾಟಿನ್ ಆದರೆ ಮೊದಲು ಮಾತ್ರೆ, ಎರಡು ಗಂಟೆ ಬಿಟ್ಟು ದ್ರಾವಣ. ಒಟ್ಟಿಗೆ ಹೋದರೆ ಅರ್ಧದಷ್ಟು ಮಾತ್ರೆ ವ್ಯರ್ಥ.

ಕಾಲು ನೋವು: ಮಾತ್ರೆಯದ್ದೋ, ಪ್ಲಾಸ್ಟರಿನದ್ದೋ

ಈ ಬರಹದಲ್ಲಿ ಒಂದೇ ಪ್ಯಾರಾ ಓದುವವರಿದ್ದರೆ ಇದನ್ನೇ ಓದಿ. ಸ್ಟಾಟಿನ್‌ನಿಂದ ಬರುವ ನೋವು ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ ಬರುತ್ತದೆ: ಎರಡು ತೊಡೆ, ಎರಡು ಭುಜ, ಎರಡು ಮೀನಖಂಡ. ಸೆಳೆತ, ಭಾರ, ಕುಳಿತಲ್ಲಿಂದ ಏಳಲು ತ್ರಾಣವಿಲ್ಲ ಎಂಬ ಹಾಗೆ. ದಿನಗಳಲ್ಲಿ, ವಾರಗಳಲ್ಲಿ ನಿಧಾನಕ್ಕೆ ಏರುತ್ತದೆ. ಮುರಿದ ಕಾಲಿನಲ್ಲಿ ಮಾತ್ರ, ಗಂಟೆಗಂಟೆಗೆ ಏರುವ, ನೋವಿನ ಇಂಜೆಕ್ಷನ್ನಿಗೂ ಬಗ್ಗದ ನೋವು ಮಾತ್ರೆಯದ್ದಲ್ಲ. ಬೇರೆಯವರು ಕಾಲ್ಬೆರಳನ್ನು ಮೆಲ್ಲಗೆ ಮೇಲಕ್ಕೆತ್ತಿದರೆ ಮೀನಖಂಡ ಕಿತ್ತು ಬರುವಂತಾದರೆ, ಬೆರಳು ಜುಮುಗುಟ್ಟಿದರೆ, ಕಾಲು ಬಿಗಿದ ತೊಗಲಿನ ಹಾಗೆ ಗಟ್ಟಿಯಾಗಿದ್ದರೆ, ಒಳಗೆ ಸ್ನಾಯುವಿನ ಕೋಣೆಯಲ್ಲಿ ಒತ್ತಡ ಏರಿ ರಕ್ತ ಓಡುತ್ತಿಲ್ಲ ಎಂದರ್ಥ. ಬೆಳಗಾಗಲಿ ಎಂದು ಕಾಯಬಾರದು. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಕಾಲನ್ನು ಎದೆಯ ಮಟ್ಟಕ್ಕೆ ಇಡಿ, ಅದಕ್ಕಿಂತ ಎತ್ತರಕ್ಕೆ ದಿಂಬು ಹಾಕಬೇಡಿ. ಎತ್ತಿದರೆ ಇರುವ ರಕ್ತವೂ ಮೇಲೇರುವುದಿಲ್ಲ. ಹತ್ತಿರದ, ಮೂಳೆ ಆಪರೇಶನ್ ಮಾಡುವ ಆಸ್ಪತ್ರೆಗೆ ಹೊರಡಿ, ಪ್ಲಾಸ್ಟರನ್ನೂ ಒಳಗಿನ ಹತ್ತಿಯನ್ನೂ ಪೂರ್ತಿ ಸೀಳಿಸಬೇಕು. ಎಲುಬು ಕಟ್ಟುವವರಲ್ಲಿಗೆ ಹೋಗಿ ಬಿದಿರಿನ ಸೀಳು ಇಟ್ಟು ಬಿಗಿಯಾಗಿ ಕಟ್ಟಿಸಿಕೊಂಡವರಲ್ಲೂ ಇದೇ ಅಪಾಯ. ಕಟ್ಟು ಮೊದಲು ಬಿಚ್ಚಿ, ಆಮೇಲೆ ಗಾಡಿ ಹತ್ತಿಸಿ.

ಮೂತ್ರ ಕಡು ಕಾಫಿ ಬಣ್ಣಕ್ಕೆ ತಿರುಗಿದರೆ ಸ್ಟಾಟಿನ್ ನಿಲ್ಲಿಸಿ, ಅದೇ ದಿನ ವೈದ್ಯರನ್ನು ಕಾಣಿ. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗುತ್ತಿರುವ ಗುರುತು ಅದು.

ರಕ್ತ ಪರೀಕ್ಷೆಯ ಎರಡು ಬಲೆಗಳು

ಸ್ನಾಯುವಿನ ಹಾನಿ ತೋರಿಸುವ ಸಿಪಿಕೆ ಎಂಬ ಪರೀಕ್ಷೆ ಇದೆ. ಬಿದ್ದ ಪೆಟ್ಟಿಗೆ, ಆಪರೇಶನ್ನಿಗೆ, ಸೊಂಟಕ್ಕೆ ಚುಚ್ಚಿದ ಇಂಜೆಕ್ಷನ್ನಿಗೂ ಅದು ಏರುತ್ತದೆ. ಬಿದ್ದ ಮಾರನೇ ದಿನದ ಏರಿದ ಸಿಪಿಕೆ ನೋಡಿ 'ಸ್ಟಾಟಿನ್ ಒಗ್ಗಲಿಲ್ಲ' ಎಂದು ನಿಲ್ಲಿಸುವುದು ತಪ್ಪು. ಗರಿಷ್ಠ ಮಿತಿಯ ಹತ್ತು ಪಟ್ಟು ದಾಟಿದರೆ, ಅಥವಾ ಇಳಿಯಬೇಕಾದಲ್ಲಿ ಮತ್ತೆ ಮತ್ತೆ ಏರಿದರೆ ಆಗ ಬೇರೆ ಮಾತು.

ಇನ್ನೊಂದು ಬಲೆ 'ಕೆಟ್ಟ ಕೊಲೆಸ್ಟರಾಲ್' ಎನ್ನುವ ಎಲ್‌ಡಿಎಲ್. ದೊಡ್ಡ ಪೆಟ್ಟು, ಆಪರೇಶನ್ ಆದ ಮೇಲೆ ಕೆಲವು ವಾರ ಕೊಲೆಸ್ಟರಾಲ್ ತಾನಾಗಿ ಇಳಿಯುತ್ತದೆ. ಆಸ್ಪತ್ರೆಯಲ್ಲಿ ತೆಗೆದ ರಿಪೋರ್ಟಿನಲ್ಲಿ 70 ಕಂಡು 'ಗುಣವಾಯಿತು' ಎಂದು ಮಾತ್ರೆ ಬಿಡುವವರಿದ್ದಾರೆ. ಎರಡು ತಿಂಗಳು ಕಳೆದ ಮೇಲೆ ಮತ್ತೆ ಮಾಡಿಸಿ, ಆ ಅಂಕೆಯನ್ನು ನಂಬಿ.

ಹೊಸದಾಗಿ ಶುರು ಮಾಡುವವರು

ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ನಲವತ್ತರಿಂದ ಎಪ್ಪತ್ತೈದರ ನಡುವಿನ ಸಕ್ಕರೆ ಕಾಯಿಲೆಯವರು, ಎಲ್‌ಡಿಎಲ್ 190 ಅಥವಾ ಹೆಚ್ಚು ಇರುವವರು ಸ್ಟಾಟಿನ್ ತೆಗೆದುಕೊಳ್ಳಲೇಬೇಕಾದವರು. ಎಲುಬು ಮುರಿದಾಗ ಇವರಲ್ಲಿ ಎಷ್ಟೋ ಮಂದಿ ಮೊದಲ ಬಾರಿಗೆ ದೊಡ್ಡ ಆಸ್ಪತ್ರೆ ನೋಡುತ್ತಾರೆ. ಮೂಳೆ ವೈದ್ಯರು ತಾವಾಗಿ ಈ ಮಾತು ಎತ್ತುವುದು ಕಡಿಮೆ, ನೀವೇ ಕೇಳಬೇಕು: 'ಡಾಕ್ಟ್ರೇ, ನನಗೆ ಶುಗರ್ ಇದೆ, ಕೊಲೆಸ್ಟರಾಲ್ ಮಾತ್ರೆ ಬೇಕಾ, ಫಿಸಿಶಿಯನ್ನಿಗೆ ತೋರಿಸಿಬಿಡಲಾ?' ಶುರು ಮಾಡುವ ಮುಂಚೆ ಯಕೃತ್ತಿನ ಪರೀಕ್ಷೆಯಾದ ಎಸ್‌ಜಿಪಿಟಿ ನೋಡಿಸಿ; ಮಿತಿಯ ಮೂರು ಪಟ್ಟು ಮೀರಿ ನಿಂತಿದ್ದರೆ ಕಾರಣ ಹುಡುಕುವವರೆಗೆ ತಡೆಯುವುದು ಕ್ರಮ. ಬಸುರಿಯರಿಗೆ, ಮೊಲೆಯೂಡಿಸುವ ತಾಯಂದಿರಿಗೆ ಸಾಮಾನ್ಯವಾಗಿ ಬೇಡ. ಎಲುಬಿಗೆಂದು ಪ್ರಮಾಣ ಏರಿಸಿಕೊಳ್ಳುವ ಮಾತು ಯಾರಿಗೂ ಇಲ್ಲ.

ಹಾಗಾದರೆ ಎಲುಬು ಕೂಡಿಸುವುದು ಯಾವುದು

ಮುರಿದ ತುದಿಗಳು ಹತ್ತಿರವಿದ್ದು ಅಲುಗದೆ ಇದ್ದರೆ, ರಕ್ತ ಸರಿಯಾಗಿ ಹರಿದರೆ, ಎಲುಬು ತಾನೇ ಕೂಡುತ್ತದೆ. ಎರಡು ಮೂರು ವಾರಕ್ಕೆ ಮೆತ್ತಗಿನ ಬೆಸುಗೆ, ಆಮೇಲೆ ಅದಕ್ಕೆ ಸುಣ್ಣ ತುಂಬಿ ಗಟ್ಟಿ. ಮಣಿಕಟ್ಟಿಗೆ ಸುಮಾರು ಆರು ವಾರ, ಕಣಕಾಲಿಗೆ ಮೂರರಿಂದ ಐದು ತಿಂಗಳು. ಅದಕ್ಕೆ ಅಡ್ಡ ಬರುವುದರಲ್ಲಿ ಮೊದಲಿನದು ಹೊಗೆ. ಬೀಡಿ, ಸಿಗರೇಟು ಸೇದುವವರ ಕಣಕಾಲು ಕೂಡಲು ತಡವಾಗುವುದು ಮತ್ತೆ ಮತ್ತೆ ಕಂಡ ಸಂಗತಿ. ಎಲೆಯಡಕೆಯ ಜೊತೆಗಿನ ಹೊಗೆಸೊಪ್ಪಿನಲ್ಲೂ ನಿಕೋಟಿನ್ ಇದೆ, ಪ್ಲಾಸ್ಟರ್ ಇರುವಷ್ಟು ದಿನವಾದರೂ ಸೊಪ್ಪು ಬಿಡಿ. ಸಕ್ಕರೆ ಹತೋಟಿಯಲ್ಲಿರಲಿ.

ಊಟದಲ್ಲಿ ಬರೀ ಕುಚ್ಚಿಲಕ್ಕಿ ಗಂಜಿ, ಉಪ್ಪಿನಕಾಯಿ ಸಾಲದು. ಕಿಲೋ ತೂಕಕ್ಕೆ ಒಂದು ಗ್ರಾಮಿಗಿಂತ ತುಸು ಹೆಚ್ಚು ಪ್ರೋಟೀನ್ ಬೇಕು, 55 ಕಿಲೋ ಇದ್ದರೆ ದಿನಕ್ಕೆ ಸುಮಾರು 65 ಗ್ರಾಂ. ಬೂತಾಯಿ ತಿನ್ನುವವರಿಗೆ ಇದು ಸಲೀಸು, ಮುಳ್ಳು ಸಮೇತ ಅಗಿದರೆ ಕ್ಯಾಲ್ಸಿಯಮ್ಮೂ ಬಂತು. ತಿನ್ನದವರು ಹುರುಳಿ, ಹೆಸರು, ಮೊಸರು ಮೂರನ್ನೂ ಹೆಚ್ಚಿಸಬೇಕಾಗುತ್ತದೆ. ವಿಟಮಿನ್ ಡಿ 60,000 ಯೂನಿಟ್ಟಿನ ಕ್ಯಾಪ್ಸೂಲ್ ವಾರಕ್ಕೆ ಒಂದು, ದಿನಕ್ಕೆ ಒಂದಲ್ಲ. ಚೀಟಿಯ ಇಂಗ್ಲಿಷ್ ಓದಲಾಗದೆ ದಿನಾ ನುಂಗಿದವರಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಂಕು ಬರುತ್ತದೆ. ಸ್ಟ್ರಿಪ್ಪಿನ ಮೇಲೆ ಪೆನ್ನಿನಲ್ಲಿ 'ಭಾನುವಾರ' ಎಂದು ಕನ್ನಡದಲ್ಲಿ ಬರೆದಿಡಿ. ಅಲೆಂಡ್ರೊನೇಟ್ 70 ಮಿ.ಗ್ರಾಂ ಕೊಟ್ಟಿದ್ದರೆ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ನೀರಿನಲ್ಲಿ, ಆಮೇಲೆ ಅರ್ಧ ಗಂಟೆ ಮಲಗದೆ ನೆಟ್ಟಗೆ ಕೂತಿರಬೇಕು. ಸೊಂಟದ ಆಪರೇಶನ್ ಆಗಿ ಕೂರಲಾಗದವರು ಕೂರುವಷ್ಟಾದ ಮೇಲೆ ಶುರು ಮಾಡಲಿ, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ.

ಎಕ್ಸ್‌ರೇ ಹೇಳಿದ ದಿನಕ್ಕೇ ತೆಗೆಸಿ. ಒಂಬತ್ತು ತಿಂಗಳಾಗಿಯೂ ಕೂಡದೆ, ಕೊನೆಯ ಮೂರು ತಿಂಗಳಲ್ಲಿ ಏನೂ ಮುಂದುವರಿಯದಿದ್ದರೆ ಅದು ಕೂಡದ ಮುರಿತ, ಅದಕ್ಕೆ ಬೇಕಾಗುವುದು ಎಲುಬಿನ ಕಸಿ ಅಥವಾ ಹೊಸ ರಾಡು. ಅದನ್ನು ತೀರ್ಮಾನಿಸಲು ಹಳೆಯ ಫಿಲ್ಮುಗಳೆಲ್ಲ ಒಟ್ಟಿಗೆ ಬೇಕು. ನಮ್ಮ ಕಡೆಯ ಮಳೆಗಾಲದಲ್ಲಿ ಒಂದಕ್ಕೊಂದು ಅಂಟಿ ಚಿತ್ರವೇ ಕಿತ್ತು ಬರುತ್ತದೆ, ಹಾಗಾಗಿ ಒಂದೊಂದರ ನಡುವೆ ಒಣ ಕಾಗದ ಇಟ್ಟು, ಪ್ರತಿಯೊಂದರ ಮೂಲೆಯಲ್ಲಿ ತಾರೀಕು ಬರೆದು, ಅಟ್ಟಕ್ಕೆ ಹಾಕದೆ ಕಪಾಟಿನಲ್ಲಿ ಚಪ್ಪಟೆಯಾಗಿ ಇಡಿ.